ನಗರವನ್ನು ನಡೆದು ಅಳೆದ ಪ್ಯಾಟ್ರಿಕ್ ಗೆಡ್ಡೆಸ್

೧

ನಗರವೊಂದನ್ನು ಅಳೆಯುವ ಸಾಧನಗಳಿಗೆ ಇಂದು ಕೊರತೆಯಿಲ್ಲ. ಆಕಾಶದಲ್ಲಿ ಸುತ್ತುವ ಉಪಗ್ರಹಗಳು ಮನೆಯ ಮಾಳಿಗೆಗಳ ಬಿಸಿಯನ್ನು ದಾಖಲಿಸುತ್ತವೆ. ಬೀದಿಯ ಕಂಬಗಳಲ್ಲಿ ಕೂರಿಸಿದ ಸಂವೇದಕಗಳು ಗಾಳಿಯಲ್ಲಿರುವ ಧೂಳಿನ ಪ್ರಮಾಣವನ್ನು ಗಂಟೆಗಂಟೆಗೂ ತಿಳಿಸುತ್ತವೆ. ನೀರು, ನೆಲ, ಜನ, ವಾಹನಗಳ ನಕ್ಷೆಗಳನ್ನು ಗಣಕಯಂತ್ರವು ಒಂದರ ಮೇಲೊಂದಾಗಿ ಹಾಸಿ ತೋರಿಸುತ್ತದೆ. ಇಷ್ಟೆಲ್ಲ ಇದ್ದರೂ ಅಳತೆಯೆಂಬುದು ಯಾರಿಗಾಗಿ, ಅಳೆಯುವವನು ನಿಲ್ಲಬೇಕಾದ ಸ್ಥಳ ಯಾವುದು ಎಂಬ ಪ್ರಶ್ನೆಗಳು ಹಾಗೆಯೇ ಉಳಿದಿವೆ. ಈ ಪ್ರಶ್ನೆಗಳನ್ನು ನೂರು ವರ್ಷಗಳಿಗೂ ಹಿಂದೆಯೇ ಎತ್ತಿಕೊಂಡು, ತಮ್ಮ ಇಡೀ ಬಾಳನ್ನು ಅವುಗಳ ಶೋಧನೆಗೆ ಮುಡಿಪಾಗಿಟ್ಟವರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್.

ಗೆಡ್ಡೆಸ್ ಅವರನ್ನು ಯಾವ ಶಾಸ್ತ್ರದವರೆಂದು ಕರೆಯಬೇಕೆಂಬುದೇ ಕಷ್ಟ. ಅವರು ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಆಧುನಿಕ ನಗರಯೋಜನೆಯ ಮೂಲಪುರುಷರಲ್ಲೊಬ್ಬರೆಂದು ಹೆಸರಾದರು. ೧೯೧೯ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರ ವಿಭಾಗದ ಮೊದಲ ಪ್ರಾಧ್ಯಾಪಕರಾಗಿ ಬಂದರು. ಹೊರನಾಡಿನ ಮಹಾನಗರದಲ್ಲಿ ನೆಲೆನಿಂತು ಕನ್ನಡವನ್ನು ಕಲಿಯುವ, ಕಲಿಸುವ ನಮಗೆ ಅವರ ಜೀವನದ ಪರಿಚಯ ಕೇವಲ ಕುತೂಹಲದ ವಿಷಯವಲ್ಲ. ನಾವು ಬದುಕುವ ಊರನ್ನು ಅರಿಯುವ ಒಂದು ವಿಧಾನ ಅಲ್ಲಿದೆ.

೨

ಗೆಡ್ಡೆಸ್ ಹುಟ್ಟಿದ್ದು ೧೮೫೪ರ ಅಕ್ಟೋಬರ್ ೨ರಂದು, ಸ್ಕಾಟ್ಲೆಂಡಿನ ಬ್ಯಾಲಟರ್ ಎಂಬಲ್ಲಿ. ತಂದೆ ಸೈನ್ಯದಲ್ಲಿದ್ದವರು. ಮಗ ಇನ್ನೂ ಚಿಕ್ಕವನಿದ್ದಾಗಲೇ ಕುಟುಂಬ ಪರ್ತ್ ಪಟ್ಟಣದ ಹೊರವಲಯದ ಗುಡ್ಡದ ಮೇಲಿನ ಮನೆಗೆ ಬಂದು ನೆಲೆಸಿತು. ತಂದೆಯ ತೋಟ, ಸುತ್ತಣ ಕಾಡುಮೇಡು, ಕೆಳಗೆ ಹರಡಿಕೊಂಡ ಪಟ್ಟಣ ಮತ್ತು ಟೇ ನದಿ, ಇವೇ ಆ ಬಾಲಕನ ಮೊದಲ ಪಾಠಶಾಲೆ. ಎತ್ತರದಲ್ಲಿ ನಿಂತು ಬೆಟ್ಟದಿಂದ ಬಯಲಿನವರೆಗೆ ಒಂದೇ ನೋಟದಲ್ಲಿ ಕಾಣುವ ಅಭ್ಯಾಸ ಅವರಿಗೆ ಅಲ್ಲಿಯೇ ಮೈಗೂಡಿತು.

ಕೆಲಕಾಲ ಬ್ಯಾಂಕಿನಲ್ಲಿ ಕೆಲಸ ಕಲಿತ ತರುಣ ಗೆಡ್ಡೆಸ್ ಸಸ್ಯಶಾಸ್ತ್ರದ ಅಧ್ಯಯನಕ್ಕೆಂದು ಎಡಿನ್‌ಬರೊ ವಿಶ್ವವಿದ್ಯಾಲಯವನ್ನು ಸೇರಿದರು. ಒಣಗಿದ ಎಲೆ, ಕತ್ತರಿಸಿದ ಹೂವುಗಳ ಮೇಲೆ ನಡೆಯುತ್ತಿದ್ದ ಅಲ್ಲಿನ ಪಾಠ ಅವರಿಗೆ ಹಿಡಿಸಲಿಲ್ಲ. ಒಂದೇ ವಾರದಲ್ಲಿ ಅದನ್ನು ಬಿಟ್ಟು, ೧೮೭೪ರಲ್ಲಿ ಲಂಡನ್ನಿಗೆ ಹೋಗಿ ಡಾರ್ವಿನ್ ವಾದದ ಪ್ರಬಲ ಸಮರ್ಥಕ ಥಾಮಸ್ ಹಕ್ಸ್‌ಲಿಯವರ ಶಿಷ್ಯರಾದರು. ಮುಂದೆ ಫ್ರಾನ್ಸಿನ ಕಡಲತಡಿಯ ರಾಸ್ಕಾಫ್ ಸಂಶೋಧನಾಲಯದಲ್ಲಿ, ಹಸುರು ಬಣ್ಣದ ಕೆಲವು ಕಿರುಜೀವಿಗಳ ಮೇಲೆ ಅವರು ನಡೆಸಿದ ಶೋಧನೆ ವಿದ್ವಾಂಸರ ಗಮನ ಸೆಳೆಯಿತು. ಫ್ರಾನ್ಸಿನಲ್ಲಿಯೇ ಅವರಿಗೆ ಫ್ರೆಡ್ರಿಕ್ ಲ ಪ್ಲೇ ಎಂಬ ಸಮಾಜಚಿಂತಕನ ವಿಚಾರಗಳ ಪರಿಚಯವಾಯಿತು. ಸ್ಥಳ, ಕಾಯಕ, ಕುಟುಂಬ ಈ ಮೂರನ್ನೂ ಒಟ್ಟಿಗೆ ನೋಡದೆ ಸಮಾಜ ಅರ್ಥವಾಗದು ಎಂಬುದು ಲ ಪ್ಲೇಯ ನಿಲುವು. ಗೆಡ್ಡೆಸ್ ಇದನ್ನು ಸ್ಥಳ, ಕಾಯಕ, ಜನ ಎಂದು ಬದಲಿಸಿಕೊಂಡು ಜೀವನದುದ್ದಕ್ಕೂ ತಮ್ಮ ಅಳತೆಗೋಲನ್ನಾಗಿ ಬಳಸಿದರು.

ಸೂಕ್ಷ್ಮದರ್ಶಕವೇ ಕಣ್ಣಾಗಿದ್ದ ಈ ಯುವ ವಿಜ್ಞಾನಿಗೆ ೧೮೭೯ರಲ್ಲಿ ಮೆಕ್ಸಿಕೋದಲ್ಲಿ ದೊಡ್ಡ ಆಘಾತ ಕಾದಿತ್ತು. ಸಂಶೋಧನೆಗೆಂದು ಹೋಗಿದ್ದಾಗ ಕಣ್ಣಿನ ದೃಷ್ಟಿ ಕೆಟ್ಟು, ವಾರಗಟ್ಟಲೆ ಕತ್ತಲೆಯ ಕೋಣೆಯಲ್ಲಿ ಇರಬೇಕಾಯಿತು. ಕಾಣದ ಕಣ್ಣುಗಳಿಗೆ ಬದಲಾಗಿ ಬೆರಳುಗಳು ಕೆಲಸ ಮಾಡಿದವು. ಕಿಟಕಿಯ ಚೌಕಗಳನ್ನು ತಡವುತ್ತ, ಒಂದೊಂದು ಚೌಕಕ್ಕೂ ಒಂದೊಂದು ವಿಚಾರವನ್ನು ಹೊಂದಿಸುತ್ತ ಹೋದ ಅವರು, ಕಾಗದವನ್ನು ಮಡಿಚಿ ಅದರ ಮನೆಗಳಲ್ಲಿ ವಿಚಾರಗಳ ಪರಸ್ಪರ ಸಂಬಂಧವನ್ನು ಗುರುತಿಸುವ ಪದ್ಧತಿಯನ್ನು ಕಂಡುಕೊಂಡರು. ದೃಷ್ಟಿ ಮರಳಿತಾದರೂ ಸೂಕ್ಷ್ಮದರ್ಶಕದ ಮುಂದೆ ಹೆಚ್ಚು ಹೊತ್ತು ಕೂರುವಂತಿರಲಿಲ್ಲ. ಕಿರುಜೀವಿಗಳನ್ನು ನೋಡುತ್ತಿದ್ದ ಕಣ್ಣು ಹೀಗೆ ನಗರವೆಂಬ ಮಹಾಜೀವಿಯತ್ತ ತಿರುಗಿತು.

ಈ ತಿರುವಿನ ಮೊದಲ ಫಲವು ೧೮೮೧ರಲ್ಲಿ ಎಡಿನ್‌ಬರೊದ ರಾಯಲ್ ಸೊಸೈಟಿಯ ಮುಂದೆ ಅವರು ಮಂಡಿಸಿದ, ಅಂಕಿಅಂಶಗಳ ವರ್ಗೀಕರಣವನ್ನು ಕುರಿತ ಪ್ರಬಂಧ. ಸರಕಾರಗಳು ರಾಶಿರಾಶಿಯಾಗಿ ಕಲೆಹಾಕುತ್ತಿದ್ದ ಅಂಕಿಗಳಿಗೆ ಒಂದು ಕ್ರಮವಿಲ್ಲವೆಂದು ಕಂಡ ಅವರು, ಸಮಾಜವು ಪ್ರಕೃತಿಯಿಂದ ಪಡೆಯುವ ದ್ರವ್ಯವೆಷ್ಟು, ಶಕ್ತಿಯೆಷ್ಟು, ಅದರಲ್ಲಿ ಬಳಕೆಗೆ ಒದಗಿದ್ದೆಷ್ಟು, ದಾರಿಯಲ್ಲಿ ನಷ್ಟವಾದದ್ದೆಷ್ಟು ಎಂಬ ಕ್ರಮದಲ್ಲಿ ಅವನ್ನು ಜೋಡಿಸಬೇಕೆಂದು ವಾದಿಸಿದರು. ನಾಣ್ಯದ ಲೆಕ್ಕದ ಹಿಂದೆ ನೆಲ, ನೀರು, ಕಲ್ಲಿದ್ದಲುಗಳ ಲೆಕ್ಕವೊಂದಿದೆ ಎಂಬ ಈ ಮಾತು ಅಂದಿಗೆ ವಿಚಿತ್ರವಾಗಿ ಕಂಡಿರಬೇಕು. ಇಂದಿನ ಪರಿಸರ ಅರ್ಥಶಾಸ್ತ್ರವು ಅವರನ್ನು ತನ್ನ ಪೂರ್ವಸೂರಿಗಳಲ್ಲಿ ಒಬ್ಬರೆಂದು ಎಣಿಸುತ್ತದೆ.

೩

೧೮೮೬ರಲ್ಲಿ ಗೆಡ್ಡೆಸ್ ಆನಾ ಮಾರ್ಟನ್ ಅವರನ್ನು ವಿವಾಹವಾದರು. ಮರುವರ್ಷವೇ ದಂಪತಿಗಳು ತಮ್ಮ ಅಂತಸ್ತಿನವರು ವಾಸಿಸುವ ಹೊಸ ಬಡಾವಣೆಯನ್ನು ಬಿಟ್ಟು, ಎಡಿನ್‌ಬರೊದ ಹಳೆಯ ಪೇಟೆಯಲ್ಲಿ ಜೇಮ್ಸ್ ಕೋರ್ಟ್ ಎಂಬ ಜೀರ್ಣವಾದ ವಠಾರಕ್ಕೆ ಬಂದು ಮನೆಮಾಡಿದರು. ಸಿರಿವಂತರು ಎಂದೋ ಬಿಟ್ಟುಹೋದ, ಬಡವರು ಕಿಕ್ಕಿರಿದು ತುಂಬಿದ್ದ ಪ್ರದೇಶವದು. ನೆರೆಹೊರೆಯವರನ್ನು ಕೂಡಿಕೊಂಡು ಕಸ ತೆಗೆಯುವುದು, ಗೋಡೆಗೆ ಸುಣ್ಣ ಬಳಿಯುವುದು, ಕಿಟಕಿಗಳಲ್ಲಿ ಹೂಗಿಡ ಬೆಳೆಸುವುದು ಅವರ ದಿನಚರಿಯಾಯಿತು. ಕೊಳೆಗೇರಿಯ ಸುಧಾರಣೆಗೆ ಅದನ್ನು ಕೆಡವುವುದೊಂದೇ ಮಾರ್ಗವೆಂದು ಆಡಳಿತ ನಂಬಿದ್ದ ಕಾಲದಲ್ಲಿ, ತೀರ ಕೆಟ್ಟ ಒಂದೆರಡು ಮನೆಗಳನ್ನಷ್ಟೇ ತೆಗೆದು ಉಳಿದವುಗಳಿಗೆ ಗಾಳಿಬೆಳಕು ಒದಗಿಸಬಹುದೆಂದು ಅವರು ಅಲ್ಲಿ ಮಾಡಿ ತೋರಿಸಿದರು. ಮುಂದೆ ಇದನ್ನೇ ಅವರು ಉಳಿಸುವ ಶಸ್ತ್ರಚಿಕಿತ್ಸೆಯೆಂಬ ಅರ್ಥದ ಹೆಸರಿನಿಂದ ಕರೆದರು.

೧೮೮೮ರಲ್ಲಿ ಡಂಡೀ ನಗರದ ಯೂನಿವರ್ಸಿಟಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪೀಠ ಅವರಿಗೆ ದೊರೆಯಿತು. ಬೇಸಗೆಯ ಅವಧಿಯಲ್ಲಿ ಮಾತ್ರ ಪಾಠ ಹೇಳಿದರೆ ಸಾಕಾಗಿದ್ದುದರಿಂದ ವರ್ಷದ ಉಳಿದ ಭಾಗವನ್ನು ನಗರಕಾರ್ಯಕ್ಕೆ ಕೊಡುವುದು ಸಾಧ್ಯವಾಯಿತು. ೧೮೯೨ರಲ್ಲಿ ಅವರು ಎಡಿನ್‌ಬರೊದ ಕೋಟೆಯ ಸಮೀಪದ ಹಳೆಯ ಗೋಪುರವೊಂದನ್ನು ವಶಕ್ಕೆ ಪಡೆದು ಔಟ್‌ಲುಕ್ ಟವರ್ ಎಂದು ಹೆಸರಿಟ್ಟರು. ನಗರವನ್ನು ಅಳೆಯುವ ಸಾಧನಗಳ ಇತಿಹಾಸದಲ್ಲಿ ಈ ವೀಕ್ಷಣಗೋಪುರಕ್ಕೆ ಪ್ರತ್ಯೇಕ ಸ್ಥಾನವಿದೆ.

ಗೋಪುರದ ತುದಿಯಲ್ಲಿ ಮೊದಲಿನಿಂದಲೂ ಒಂದು ಕ್ಯಾಮರಾ ಅಬ್‌ಸ್ಕೂರಾ ಇತ್ತು. ಕತ್ತಲೆಯ ಕೋಣೆಯೊಳಗೆ ಕನ್ನಡಿ ಮತ್ತು ಮಸೂರದ ಮೂಲಕ ಹೊರಗಿನ ನೋಟವನ್ನು ಹಾಯಿಸಿ, ನಡುವಿನ ಬಿಳಿಯ ಮೇಜಿನ ಮೇಲೆ ಮೂಡಿಸುವ ಸಾಧನ ಅದು. ಹೊಗೆಯುಗುಳುವ ಚಿಮಣಿಗಳು, ಬೀದಿಯಲ್ಲಿ ಓಡಾಡುವ ಜನ, ದೂರದ ಸಮುದ್ರ, ಎಲ್ಲವೂ ಆ ಮೇಜಿನ ಮೇಲೆ ಚಲಿಸುವ ಚಿತ್ರವಾಗಿ ಕಾಣುತ್ತಿದ್ದವು. ಸಂದರ್ಶಕರು ಮೊದಲು ಮೇಲಕ್ಕೆ ಹತ್ತಿ ತಮ್ಮ ಊರನ್ನು ಇಡಿಯಾಗಿ ಕಾಣಬೇಕು. ಬಳಿಕ ಒಂದೊಂದೇ ಅಂತಸ್ತು ಇಳಿಯುತ್ತ ಎಡಿನ್‌ಬರೊ, ಸ್ಕಾಟ್ಲೆಂಡ್, ಇಂಗ್ಲಿಷ್ ಮಾತನಾಡುವ ನಾಡುಗಳು, ಯುರೋಪು, ಕೊನೆಗೆ ಜಗತ್ತು ಎಂಬ ಕ್ರಮದಲ್ಲಿ ನಕ್ಷೆಗಳನ್ನೂ ಮಾದರಿಗಳನ್ನೂ ನೋಡಬೇಕು. ಮೇಲ್ಭಾಗದ ಪಕ್ಕದಲ್ಲಿಯೇ ಒಂದು ಬರಿಯ ಕೋಣೆಯಿತ್ತು. ಕಂಡದ್ದನ್ನು ಕುರಿತು ಮೌನವಾಗಿ ಚಿಂತಿಸುವುದಕ್ಕೆ ಮೀಸಲಾದ ಕೋಣೆ ಅದು. ನೋಟದ ಜೊತೆಗೆ ಒಳನೋಟವೂ ಇಲ್ಲದಿದ್ದರೆ ಅಳತೆ ಪೂರ್ಣವಾಗದೆಂಬುದು ಈ ಏರ್ಪಾಡಿನ ಅರ್ಥ.

ಇದೇ ಅವಧಿಯಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಬೂತ್ ಎಂಬವರು ಬೀದಿಬೀದಿಯ ಬಡತನವನ್ನು ಬಣ್ಣಗಳಲ್ಲಿ ಗುರುತಿಸಿದ ಪ್ರಸಿದ್ಧ ನಕ್ಷೆಗಳನ್ನು ಹೊರತಂದಿದ್ದರು. ಗೆಡ್ಡೆಸ್ ಅಲ್ಲಿಗೆ ನಿಲ್ಲದೆ ನಗರವನ್ನು ಅದರ ಹೊರನಾಡಿನೊಂದಿಗೆ ಸೇರಿಸಿ ನೋಡಿದರು. ಬೆಟ್ಟದ ನೆತ್ತಿಯಿಂದ ಕಡಲಿನವರೆಗಿನ ನದೀಕಣಿವೆಯ ಒಂದು ಛೇದಚಿತ್ರವನ್ನು ಬರೆದು, ಅದರಲ್ಲಿ ಗಣಿಗಾರ, ಮರ ಕಡಿಯುವವ, ಬೇಟೆಗಾರ, ಕುರುಬ, ರೈತ, ತೋಟಿಗ, ಮೀನುಗಾರ ಇವರ ನೆಲೆಗಳನ್ನು ಗುರುತಿಸಿದರು. ಈ ಎಲ್ಲ ಕಾಯಕಗಳೂ ಸೇರಿಯೇ ನಗರವಾಗಿದೆಯೆಂದೂ, ಕಣಿವೆಯನ್ನು ಮರೆತ ನಗರ ತನ್ನ ಬೇರನ್ನೇ ಮರೆತಂತೆ ಎಂದೂ ಅವರು ತಿಳಿದಿದ್ದರು. ೧೯೦೪ರಲ್ಲಿ ಡನ್‌ಫರ್ಮ್‌ಲಿನ್ ಪಟ್ಟಣಕ್ಕೆ ಉದ್ಯಾನಗಳ ಯೋಜನೆಯನ್ನು ಸಿದ್ಧಪಡಿಸುವಾಗ ಅಲ್ಲಿನ ಕಲುಷಿತ ತೊರೆಯನ್ನೂ ಹಳೆಯ ಕಟ್ಟಡಗಳನ್ನೂ ಛಾಯಾಚಿತ್ರಗಳ ಮೂಲಕ ವಿವರವಾಗಿ ದಾಖಲಿಸಿದರು. ಮೊದಲು ಸಮೀಕ್ಷೆ, ಆಮೇಲೆ ಯೋಜನೆ ಎಂಬ ತತ್ತ್ವ ಇಲ್ಲಿ ರೂಪುಗೊಂಡಿತು. ೧೯೧೫ರಲ್ಲಿ ಪ್ರಕಟವಾದ ಅವರ ನಗರವಿಕಾಸದ ಗ್ರಂಥವು ಇದನ್ನು ಶಾಸ್ತ್ರವಾಗಿ ಪ್ರತಿಪಾದಿಸಿತು. ಊರೂರುಗಳು ಬೆಳೆದು ಒಂದಕ್ಕೊಂದು ಕೂಡಿಕೊಂಡ ನಗರಸಮೂಹಕ್ಕೆ ಇಂಗ್ಲಿಷಿನಲ್ಲಿ ಇಂದು ಬಳಕೆಯಲ್ಲಿರುವ ಕಾನರ್ಬೇಶನ್ ಎಂಬ ಶಬ್ದವನ್ನು ಟಂಕಿಸಿದವರೂ ಅವರೇ.

೪

ಮದರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲಂಡ್ ಅವರ ಆಹ್ವಾನದ ಮೇರೆಗೆ ಗೆಡ್ಡೆಸ್ ೧೯೧೪ರಲ್ಲಿ ಭಾರತಕ್ಕೆ ಬಂದರು. ಅವರು ವರ್ಷಗಟ್ಟಲೆ ಕೂಡಿಸಿದ್ದ ನಕ್ಷೆ, ಚಿತ್ರ, ಮಾದರಿಗಳ ನಗರಪ್ರದರ್ಶನವನ್ನು ಬೇರೊಂದು ಹಡಗಿನಲ್ಲಿ ಕಳುಹಿಸಲಾಗಿತ್ತು. ಮೊದಲ ಮಹಾಯುದ್ಧ ಆಗಷ್ಟೇ ಆರಂಭವಾಗಿತ್ತು. ಎಮ್‌ಡನ್ ಎಂಬ ಜರ್ಮನ್ ಯುದ್ಧನೌಕೆ ಆ ಹಡಗನ್ನು ಮುಳುಗಿಸಿದ್ದರಿಂದ ಜೀವಮಾನದ ಸಂಗ್ರಹವೆಲ್ಲ ಕಡಲ ಪಾಲಾಯಿತು. ಗೆಡ್ಡೆಸ್ ಎದೆಗುಂದಲಿಲ್ಲ. ಬ್ರಿಟನ್ನಿನ ಸ್ನೇಹಿತರು ಹೊಸದಾಗಿ ಸಾಮಗ್ರಿಯನ್ನು ಒಟ್ಟುಗೂಡಿಸಿ ಕಳುಹಿಸಿಕೊಟ್ಟರು; ೧೯೧೫ರ ಜನವರಿಯಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆದೇ ನಡೆಯಿತು.

ಅಲ್ಲಿಂದ ಮುಂದಿನ ಹತ್ತು ವರ್ಷಗಳ ಬಹುಭಾಗವನ್ನು ಅವರು ಭಾರತದ ಊರುಗಳನ್ನು ಸುತ್ತುವುದರಲ್ಲಿ ಕಳೆದರು. ಮದರಾಸು ಮತ್ತು ಮುಂಬಯಿ ಪ್ರಾಂತಗಳ ಪಟ್ಟಣಗಳು, ಬರೋಡಾ, ಲಖನೌ, ಲಾಹೋರ್, ಢಾಕಾ, ಕಪೂರ್ತಲಾ, ಬಲರಾಮಪುರ, ಇಂದೋರ್ ಮೊದಲಾದ ಸ್ಥಳಗಳಿಗೆ ವರದಿಗಳನ್ನು ಬರೆದರು. ಅವರ ಕಾರ್ಯವಿಧಾನ ಸರಳ. ಬೆಳಗಾಗುತ್ತಲೇ ನಕ್ಷೆಯೊಂದನ್ನು ಹಿಡಿದು ಕಾಲ್ನಡಿಗೆಯಲ್ಲಿ ಹೊರಡುವುದು. ಗಲ್ಲಿಗಲ್ಲಿಗಳನ್ನು ಸುತ್ತಿ ಬಾವಿ, ಕಟ್ಟೆ, ಅರಳಿಮರ, ಗುಡಿ, ಮಸೀದಿ, ಪಾಳುನಿವೇಶನ, ಬೀಳುವಂತಿರುವ ಮನೆ ಇವೆಲ್ಲವನ್ನೂ ಗುರುತಿಸುವುದು. ಅಲ್ಲಿ ವಾಸಿಸುವವರು ಯಾವ ದಾರಿಯಲ್ಲಿ ನಡೆಯುತ್ತಾರೆ, ಎಲ್ಲಿ ಕುಳಿತು ಹರಟುತ್ತಾರೆ, ಮಕ್ಕಳು ಎಲ್ಲಿ ಆಡುತ್ತಾರೆ ಎಂಬುದನ್ನು ಗಮನಿಸುವುದು. ವೈದ್ಯನು ರೋಗಿಯನ್ನು ಮುಟ್ಟಿ ನೋಡಿದ ಮೇಲೆ ಮದ್ದು ಕೊಡುವಂತೆ, ಊರನ್ನು ನಡೆದು ನೋಡಿದ ಮೇಲೆಯೇ ಯೋಜನೆಯ ಮಾತು. ಇಂತಹ ಸಮೀಕ್ಷೆಯನ್ನು ಅವರು ರೋಗನಿದಾನಕ್ಕೆ ಹೋಲಿಸಿದುದು ಈ ಕಾರಣದಿಂದಲೇ.

ಈ ನಿದಾನ ಅಂದಿನ ಆಡಳಿತದ ನಿದಾನಕ್ಕಿಂತ ಎಷ್ಟು ಭಿನ್ನವಾಗಿತ್ತೆಂಬುದನ್ನು ಮುಂಬಯಿಯ ಉದಾಹರಣೆಯಿಂದ ತಿಳಿಯಬಹುದು. ೧೮೯೬ರ ಪ್ಲೇಗಿನ ಬಳಿಕ, ೧೮೯೮ರಲ್ಲಿ ಸ್ಥಾಪಿತವಾದ ಮುಂಬಯಿ ನಗರ ಸುಧಾರಣಾ ಟ್ರಸ್ಟು ಕಿಕ್ಕಿರಿದ ಮೊಹಲ್ಲಾಗಳ ನಡುವೆ ಅಗಲವಾದ ನೇರ ರಸ್ತೆಗಳನ್ನು ಸೀಳಿತು. ಎಕರೆಗೆ ಎಷ್ಟು ಜನ, ಸಾವಿರಕ್ಕೆ ಎಷ್ಟು ಸಾವು ಎಂಬ ಲೆಕ್ಕಗಳು ಅದಕ್ಕೆ ಸಮರ್ಥನೆಯನ್ನು ಒದಗಿಸಿದವು. ಇಂತಹ ಯೋಜನೆಗಳ ಮುಂದೆ ಗೆಡ್ಡೆಸ್ ಇಟ್ಟ ಪ್ರಶ್ನೆ ಒಂದೇ: ಕೆಡವಿದ ಮನೆಯವರು ಎಲ್ಲಿಗೆ ಹೋದರು? ಅವರು ಪಕ್ಕದ ಗಲ್ಲಿಗೆ ಹೋಗಿ ಅಲ್ಲಿನ ದಟ್ಟಣೆಯನ್ನು ಹೆಚ್ಚಿಸುತ್ತಾರೆ. ಒಂದು ಕಡೆಯ ಅಂಕಿ ಇಳಿದಾಗ ಮತ್ತೊಂದು ಕಡೆಯ ಅಂಕಿ ಏರುತ್ತದೆ. ಇಡೀ ನಗರದ ಲೆಕ್ಕದಲ್ಲಿ ಯಾವ ಲಾಭವೂ ಇಲ್ಲ. ತಂಜಾವೂರಿನಲ್ಲಿ ಹೊಸ ರಸ್ತೆಗಳ ಪ್ರಸ್ತಾಪ ಬಂದಾಗ, ಇರುವ ಓಣಿಗಳನ್ನೇ ಅಲ್ಲಲ್ಲಿ ಬಿಡಿಸಿ, ಪಾಳುಮನೆಗಳ ಜಾಗವನ್ನು ಬಯಲಾಗಿಸಿದರೆ, ಹೇಳಿದ್ದ ವೆಚ್ಚದ ಒಂದು ಸಣ್ಣ ಪಾಲಿನಲ್ಲಿಯೇ ಪ್ರತಿಯೊಂದು ಮನೆಗೂ ಗಾಳಿ ದೊರೆಯುವುದೆಂದು ಅವರು ನಕ್ಷೆಯ ಮೇಲೆ ತೋರಿಸಿಕೊಟ್ಟರು.

ಹವೆಯ ದೃಷ್ಟಿಯಿಂದಲೂ ಅವರ ಗಮನಿಕೆಗಳು ಮನನೀಯವಾಗಿವೆ. ನಮ್ಮ ಸೀಮೆಯ ಇಕ್ಕಟ್ಟಾದ ಓಣಿ ನೆರಳನ್ನು ಕೊಡುತ್ತದೆ, ಮನೆಯ ನಡುವಿನ ಅಂಗಳ ಗಾಳಿಯನ್ನು ಕೊಡುತ್ತದೆ. ಅಂಗಳವನ್ನು ಕಸಿದು ರಸ್ತೆಯನ್ನು ಅಗಲ ಮಾಡಿದರೆ ಬಿಸಿಲೂ ಧೂಳೂ ಹೆಚ್ಚುವುವಲ್ಲದೆ ಆರೋಗ್ಯ ಹೆಚ್ಚದು ಎಂದು ಅವರು ಎಚ್ಚರಿಸಿದರು. ಮಲೇರಿಯಾದ ಭಯದಿಂದ ಊರಕೆರೆಗಳನ್ನು ಮುಚ್ಚಿಸಲು ಅಧಿಕಾರಿಗಳು ಹೊರಟಾಗ, ಕೆರೆಗಳು ಸುತ್ತಣ ಹವೆಯನ್ನು ತಂಪಾಗಿಡುತ್ತವೆಂದೂ, ಸೊಳ್ಳೆಯ ಮರಿಗಳನ್ನು ತಿನ್ನುವ ಮೀನು ಮತ್ತು ಬಾತುಕೋಳಿಗಳನ್ನು ಬಿಟ್ಟು ಅವನ್ನು ಶುಚಿಯಾಗಿ ಇಟ್ಟುಕೊಳ್ಳಬಹುದೆಂದೂ ವಾದಿಸಿದರು. ನಲ್ಲಿನೀರು ಬಂದಿತೆಂದು ಬಾವಿಗಳನ್ನು ಹಾಳುಗೆಡವುವುದೂ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಕೊಳಾಯಿಯ ವ್ಯವಸ್ಥೆ ಎಂದಾದರೂ ಕೆಟ್ಟೇ ಕೆಡುತ್ತದೆ. ಹಿರಿಯರು ತೋಡಿಸಿದ ಬಾವಿ ಆ ದಿನಕ್ಕೆ ಜೀವವಿಮೆ ಎಂಬುದು ಅವರ ತರ್ಕ. ಭಾರತದ ಬೇಸಗೆಗಳಲ್ಲಿ ನಗರಗಳು ಇಂದು ನೀರಿಗಾಗಿ ಪಡುವ ಪಾಡನ್ನು ಕಂಡವರು ಈ ತರ್ಕವನ್ನು ಹಳತೆಂದು ತಳ್ಳಿಹಾಕಲಾರರು.

ಇಂದೋರಿನಲ್ಲಿ ಅವರು ನಡೆಸಿದ ಪ್ರಯೋಗ ಜನಜನಿತವಾದುದು. ಪ್ಲೇಗಿನ ಭೀತಿ ಆವರಿಸಿದ್ದ ಆ ನಗರದಲ್ಲಿ ದೀಪಾವಳಿಗೆ ಭಾರಿ ಮೆರವಣಿಗೆಯೊಂದನ್ನು ಏರ್ಪಡಿಸಿ, ಅದು ರೂಢಿಯ ಹಾದಿಯಲ್ಲಿ ಹೋಗದೆ, ಅತ್ಯಂತ ಶುಚಿಯಾದ ಬೀದಿಗಳಲ್ಲಿ ಸಾಗುವುದೆಂದು ಸಾರಿಸಿದರು. ಊರಿಗೆ ಊರೇ ಮನೆಮುಂಗಟ್ಟುಗಳನ್ನು ಗುಡಿಸಿ ಸಾರಿಸಿತು. ಗಾಡಿಗಟ್ಟಲೆ ಕಸ ಹೊರಬಿತ್ತು. ಮೆರವಣಿಗೆಯಲ್ಲಿ ಕೊಳಕಿನ ರಾಕ್ಷಸನ ಪ್ರತಿಮೆಯೂ ಪ್ಲೇಗು ತರುವ ಇಲಿಯ ಬೃಹದಾಕಾರವೂ ಬಂದು, ಕೊನೆಯಲ್ಲಿ ಬೆಂಕಿಗೆ ಆಹುತಿಯಾದವು. ನಗರದ ಝಾಡಮಾಲಿಗಳು ಶುಭ್ರವಾದ ಬಿಳಿಯ ಉಡುಪು ತೊಟ್ಟು, ಹೂಮಾಲೆ ಧರಿಸಿ, ಗೌರವದ ಸ್ಥಾನದಲ್ಲಿ ನಡೆದರು. ಮನೆಮನೆಗೆ ತುಳಸಿಯ ಸಸಿಗಳನ್ನು ಹಂಚಲಾಯಿತು. ಜನರ ಹಬ್ಬವನ್ನೇ ಆರೋಗ್ಯಶಾಸ್ತ್ರದ ಭಾಷೆಯನ್ನಾಗಿ ಮಾಡಿಕೊಂಡ ಈ ಬಗೆ, ಜಾನಪದವನ್ನು ಅಭ್ಯಸಿಸುವವರ ವಿಶೇಷ ಗಮನಕ್ಕೆ ಅರ್ಹವಾಗಿದೆ. ಇಂದೋರಿನ ದರ್ಬಾರಿಗೆ ಅವರು ೧೯೧೮ರಲ್ಲಿ ಒಪ್ಪಿಸಿದ ಎರಡು ಸಂಪುಟಗಳ ವರದಿ ಅವರ ಭಾರತೀಯ ಬರಹಗಳಲ್ಲಿ ಅತ್ಯಂತ ವಿಸ್ತಾರವಾದುದು.

ಈ ವರ್ಷಗಳಲ್ಲಿಯೇ ಅವರ ಮನೆಯ ಮೇಲೆ ಸಿಡಿಲೆರಗಿತ್ತು. ಹಿರಿಯ ಮಗ ಅಲಾಸ್ಡೇರ್, ತಂದೆಯ ಗೋಪುರದಲ್ಲಿ ನಾಡನ್ನು ನೋಡಲು ಕಲಿತವನು, ಯುದ್ಧದಲ್ಲಿ ಬಲೂನಿನಿಂದ ಶತ್ರುನೆಲೆಗಳನ್ನು ವೀಕ್ಷಿಸುವ ಅಧಿಕಾರಿಯಾಗಿದ್ದನು. ೧೯೧೭ರ ಏಪ್ರಿಲಿನಲ್ಲಿ ಫ್ರಾನ್ಸಿನ ರಣರಂಗದಲ್ಲಿ ಅವನು ಮಡಿದನು. ಆಗ ಆನಾ ಭಾರತದಲ್ಲಿ ತೀವ್ರ ಜ್ವರದಿಂದ ಹಾಸಿಗೆ ಹಿಡಿದಿದ್ದರು. ಸುದ್ದಿಯನ್ನು ತಿಳಿಸಿದರೆ ಅವರು ಉಳಿಯಲಾರರೆಂದು ಹೆದರಿ, ಮಗನ ಹಳೆಯ ಪತ್ರಗಳನ್ನೇ ಅವರಿಗೆ ಓದಿಹೇಳುತ್ತ ಗೆಡ್ಡೆಸ್ ದಿನಗಳನ್ನು ದೂಡಿದರು. ಅದೇ ವರ್ಷದ ಜೂನಿನಲ್ಲಿ, ಮಗನ ಮರಣವನ್ನು ಅರಿಯದೆಯೇ ಆನಾ ತೀರಿಕೊಂಡರು. ಈ ದುಃಖವನ್ನು ಹೊತ್ತುಕೊಂಡೇ ಅವರು ಇಂದೋರಿನ ಬೀದಿಗಳನ್ನು ನಡೆದದ್ದು.

೫

೧೯೧೯ರಲ್ಲಿ ಮುಂಬಯಿಗೆ ಬಂದಾಗ ಗೆಡ್ಡೆಸ್ ಅವರಿಗೆ ಅರವತ್ತೈದು ತುಂಬುತ್ತಿತ್ತು. ಕ್ರಮಬದ್ಧವಾದ ಪಠ್ಯಗಳಿಗಿಂತ ನಕ್ಷೆ, ಚಿತ್ರ, ನಡಿಗೆಗಳ ಮೂಲಕ ಕಲಿಸುವುದು ಅವರ ರೀತಿ. ಮುಂದೆ ಭಾರತೀಯ ಸಮಾಜಶಾಸ್ತ್ರದ ಹಿರಿಯರೆನಿಸಿದ ಜಿ. ಎಸ್. ಘುರ್ಯೆ ಅವರು ಉನ್ನತ ಅಧ್ಯಯನಕ್ಕಾಗಿ ಇಂಗ್ಲೆಂಡಿಗೆ ಹೋದುದು ಗೆಡ್ಡೆಸ್ ಅವರ ಶಿಫಾರಸಿನಿಂದ. ೧೯೨೪ರಲ್ಲಿ ವಿಭಾಗದ ಹೊಣೆ ಘುರ್ಯೆ ಅವರಿಗೇ ಬಂದಿತು. ಮುಂಬಯಿಯಲ್ಲಿ ಗಿರಣಿ ಕೆಲಸಗಾರರಿಗೆಂದು ಸರಕಾರ ಕಟ್ಟಿಸುತ್ತಿದ್ದ ಚಾಳುಗಳನ್ನು ಗೆಡ್ಡೆಸ್ ಕಟುವಾಗಿ ಟೀಕಿಸಿದರು. ಮನುಷ್ಯರನ್ನು ಉಗ್ರಾಣದಲ್ಲಿ ಸರಕಿನಂತೆ ಪೇರಿಸಿಡುವ ಏರ್ಪಾಡು ಅದೆಂಬುದು ಅವರ ಆಕ್ಷೇಪಣೆ. ಜಗದೀಶಚಂದ್ರ ಬೋಸ್ ಅವರ ಸ್ನೇಹಿತರಾಗಿದ್ದ ಗೆಡ್ಡೆಸ್ ಆ ವಿಜ್ಞಾನಿಯ ಜೀವನಚರಿತ್ರೆಯನ್ನು ೧೯೨೦ರಲ್ಲಿ ಪ್ರಕಟಿಸಿದರು. ಸಸ್ಯಗಳ ಕಣ್ಣಿಗೆ ಕಾಣದ ಚಲನೆಯನ್ನು ಅಳೆಯುವ ಯಂತ್ರಗಳನ್ನು ನಿರ್ಮಿಸಿದ ಬೋಸ್ ಅವರಲ್ಲಿ ಗೆಡ್ಡೆಸ್ ತಮ್ಮದೇ ಹಂಬಲದ ಇನ್ನೊಂದು ರೂಪವನ್ನು ಕಂಡಿರಬೇಕು.

ಆರೋಗ್ಯ ಕೆಟ್ಟು ೧೯೨೪ರಲ್ಲಿ ಭಾರತವನ್ನು ಬಿಟ್ಟ ಅವರು ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆಯಲ್ಲಿ ನೆಲೆಸಿ, ಅಲ್ಲೊಂದು ವಿದ್ಯಾಲಯವನ್ನು ಸ್ಥಾಪಿಸಿದರು. ೧೯೨೫ರಲ್ಲಿ ಟೆಲ್ ಅವೀವ್ ನಗರಕ್ಕೆ ಅವರು ಕೊಟ್ಟ ಯೋಜನೆ ಬಹುಮಟ್ಟಿಗೆ ಕಾರ್ಯರೂಪಕ್ಕೆ ಬಂದಿತು. ಆ ವಿನ್ಯಾಸದ ಮೇಲೆ ಬೆಳೆದ ಬಿಳಿಯ ನಗರಭಾಗವನ್ನು ಯುನೆಸ್ಕೊ ೨೦೦೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ೧೯೩೨ರಲ್ಲಿ ನೈಟ್ ಪದವಿಯನ್ನು ಸ್ವೀಕರಿಸಿದ ಗೆಡ್ಡೆಸ್ ಅದೇ ವರ್ಷದ ಏಪ್ರಿಲ್ ೧೭ರಂದು ಮೊಂಪೆಲಿಯೆಯಲ್ಲಿ ನಿಧನರಾದರು.

೬

ಗೆಡ್ಡೆಸ್ ಅವರ ಸಾಧನೆಯನ್ನು ವಿಮರ್ಶಿಸುವಾಗ ಮಿತಿಗಳನ್ನೂ ಹೇಳಬೇಕು. ಭಾರತಕ್ಕಾಗಿ ಅವರು ಬರೆದ ವರದಿಗಳಲ್ಲಿ ಹೆಚ್ಚಿನವು ಕಾಗದದಲ್ಲಿಯೇ ಉಳಿದವು. ಸರಕಾರಿ ಎಂಜಿನಿಯರುಗಳಿಗೆ ಅವರು ಬೇಡವಾದ ಅತಿಥಿಯಾಗಿದ್ದರು. ಆಶ್ರಯಕ್ಕಾಗಿ ಅವರು ಸಂಸ್ಥಾನಗಳ ಅರಸರನ್ನು ಅವಲಂಬಿಸಿದರು. ಆರಂಭಿಸಿದ್ದನ್ನು ಮುಗಿಸದೆ ಮತ್ತೊಂದಕ್ಕೆ ಹಾರುವ ಸ್ವಭಾವ ಅವರದು. ಮಡಿಚಿದ ಕಾಗದದ ಅವರ ಚಿಂತನಯಂತ್ರಗಳು ಶಿಷ್ಯರನ್ನೂ ದಿಗಿಲುಗೊಳಿಸುತ್ತಿದ್ದವು, ಗದ್ಯವಂತೂ ತೊಡಕಿನದು. ಅಮೆರಿಕದ ಲೂಯಿಸ್ ಮಮ್‌ಫರ್ಡ್ ಅವರಂತಹ ಸಮರ್ಥ ಲೇಖಕ ಅವರನ್ನು ಗುರುವೆಂದು ಸ್ವೀಕರಿಸದಿದ್ದರೆ, ೧೯೪೭ರಲ್ಲಿ ಜಾಕ್ವೆಲಿನ್ ಟಿರ್‌ವಿಟ್ ಅವರು ಭಾರತದ ವರದಿಗಳ ಆಯ್ದ ಭಾಗಗಳನ್ನು ಸಂಪಾದಿಸದಿದ್ದರೆ, ಅವರ ವಿಚಾರಗಳು ಇಷ್ಟು ವ್ಯಾಪಕವಾಗಿ ಹರಡುತ್ತಿರಲಿಲ್ಲ.

ಆದರೂ ಅವರು ಇಟ್ಟ ಹೆಜ್ಜೆಯ ಗುರುತು ಅಳಿಸಿಲ್ಲ. ಮಣ್ಣು, ನೀರು, ಇಳಿಜಾರು, ಸಸ್ಯವರ್ಗಗಳ ಪಾರದರ್ಶಕ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು, ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂದು ನಿರ್ಧರಿಸುವ ಕ್ರಮವನ್ನು ಸ್ಕಾಟ್ಲೆಂಡಿನವರೇ ಆದ ಇಯನ್ ಮಕ್‌ಹಾರ್ಗ್ ೧೯೬೯ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಆ ಗ್ರಂಥಕ್ಕೆ ಮುನ್ನುಡಿ ಬರೆದವರು ಮಮ್‌ಫರ್ಡ್. ಗಣಕಯಂತ್ರದ ಭೌಗೋಳಿಕ ಮಾಹಿತಿ ವ್ಯವಸ್ಥೆಗಳು ಇಂದು ಈ ಕೆಲಸವನ್ನು ಕ್ಷಣಾರ್ಧದಲ್ಲಿ ಮಾಡುತ್ತವೆ. ಗೆಡ್ಡೆಸ್ ಮೇಲಿನಿಂದ ನೋಡುವುದನ್ನು ಎಂದೂ ನಿರಾಕರಿಸಿದವರಲ್ಲ. ಅವರ ಗೋಪುರವೇ ಅದಕ್ಕೆ ಸಾಕ್ಷಿ. ಆದರೆ ಗೋಪುರ ಹತ್ತಿದವನು ಮತ್ತೆ ಇಳಿದು ಬೀದಿಗೆ ಬರಲೇಬೇಕೆಂಬ ನಿಯಮವನ್ನು ಅವರು ಸಡಿಲಿಸಲಿಲ್ಲ. ಉಪಗ್ರಹದ ಚಿತ್ರದಲ್ಲಿ ಬಿಸಿಯಾದ ಕೆಂಪು ಚುಕ್ಕೆಯಾಗಿ ಕಾಣುವುದು ತಗಡಿನ ಮಾಡಿನ ಕೆಳಗಿರುವ ಒಂದು ಸಂಸಾರ ಎಂಬುದನ್ನು ಇಳಿದು ಬಂದವನು ಮಾತ್ರ ಬಲ್ಲ.

ಕನ್ನಡ ಅಧ್ಯಯನಕ್ಕೂ ಈ ನಿಯಮ ಸಲ್ಲುತ್ತದೆ. ಗಿರಣಿ, ಹೋಟೆಲು, ಕಚೇರಿಗಳ ಕೆಲಸ ಹುಡುಕಿ ಮುಂಬಯಿಗೆ ಬಂದ ಕನ್ನಡಿಗರ ಸಂಖ್ಯೆಯನ್ನು ಜನಗಣತಿಯ ಕೋಷ್ಟಕಗಳು ತಿಳಿಸುತ್ತವೆ. ಅವರು ಓದಿದ ರಾತ್ರಿಶಾಲೆಗಳು, ಭಜನೆಗೆ ಸೇರುತ್ತಿದ್ದ ಖೋಲಿಗಳು, ಯಕ್ಷಗಾನಕ್ಕೆ ಒದಗಿದ ಬಯಲುಗಳು, ನೆರೆಯ ಮರಾಠಿ ಸೇರಿಕೊಂಡ ಅವರ ಮನೆಮಾತು, ಇವು ಯಾವ ಕೋಷ್ಟಕದಲ್ಲಿಯೂ ಇಲ್ಲ. ೧೯೮೨ರ ಗಿರಣಿ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿ, ಅವುಗಳ ನೆಲದಲ್ಲಿ ಗಗನಚುಂಬಿ ಕಟ್ಟಡಗಳು ಎದ್ದಿವೆ. ಗೆಡ್ಡೆಸ್ ಟೀಕಿಸಿದ ಚಾಳುಗಳೂ ಪುನರ್ನಿರ್ಮಾಣಕ್ಕಾಗಿ ಉರುಳುತ್ತಿವೆ. ಅಲ್ಲಿ ಬಾಳಿದವರ ನೆನಪುಗಳನ್ನು ಗಲ್ಲಿಗಲ್ಲಿಗೆ ಹೋಗಿ ಕೇಳಿ, ನಕ್ಷೆಯ ಮೇಲೆ ಗುರುತಿಸಿ ಬರೆದಿಡಬೇಕಾಗಿದೆ. ಅದಕ್ಕೆ ಬೇಕಾದ ವಿಧಾನವನ್ನು ಇದೇ ನಗರದ ವಿಶ್ವವಿದ್ಯಾಲಯದಲ್ಲಿ ಐದು ವರ್ಷಗಳ ಕಾಲ ಕಲಿಸಿಹೋದ ಒಬ್ಬ ಆಚಾರ್ಯರು ನಮಗೆ ಬಿಟ್ಟಿದ್ದಾರೆ. ನಡೆಯುವ ಕೆಲಸ ನಮ್ಮ ಸಂಶೋಧಕರದು. ಕೇಳಿ ಬರೆದುಕೊಳ್ಳಬಹುದಾದ ಹಿರಿಯರ ತಲೆಮಾರು ಇನ್ನೂ ಪೂರ್ತಿಯಾಗಿ ಮರೆಯಾಗಿಲ್ಲ.